ಡೊರೊಥಿಯ ಅಡುಗೆಮನೆಯ ಮೈಕು

ಮೊನ್ನೆ ಲೊಂಬಾರ್ಡ್ ಊರಿನಲ್ಲಿರುವ ಮಗಳ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಬ್ಯಾಡಗಿ ಮೆಣಸಿನಕಾಯಿ ಸ್ವಲ್ಪ ಹೆಚ್ಚೇ ಕರಕಲಾಯಿತು. ಅಷ್ಟಕ್ಕೇ ಸೂರಿನಲ್ಲಿದ್ದ ಹೊಗೆಯ ಅಲಾರಂ ಕಿರುಚಿಕೊಂಡಿತು. ಮಗಳು ಟವೆಲ್ ಬೀಸುತ್ತ ಓಡಿ ಬಂದಳು. ಮೊಮ್ಮಗಳು ಕಿವಿ ಮುಚ್ಚಿಕೊಂಡು "ಅಗೇನ್, ಅಜ್ಜಿ?" ಎಂದಳು. ಎಂಬತ್ತು ದಾಟಿದ ನಮ್ಮವರು ಮಾತ್ರ ಸೋಫಾದಿಂದ ದಡಕ್ಕನೆ ಎದ್ದು ಬಾಗಿಲ ಹತ್ತಿರ ಬೂಟು ಹುಡುಕತೊಡಗಿದರು! ಆಮೇಲೆ ನನ್ನ ಮುಖ ನೋಡಿ ನಾಚಿಕೊಂಡು ನಕ್ಕರು. ಆ ನಗುವಿನ ಅರ್ಥ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತು. ನಿಮಗೂ ಹೇಳಿಬಿಡುತ್ತೇನೆ, ಕೇಳಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಧಾರವಾಡದ ನಮ್ಮವರು ಡೆಟ್ರಾಯಿಟ್ ಕಡೆಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿದ ನಾನು ಅಲ್ಲೇ ವಿಕ್ಸಮ್ ಎಂಬ ಊರಿನಾಚೆಯ ಒಂದು ಟೌನ್‌ಶಿಪ್ಪಿನಲ್ಲಿ ಕಿಟಕಿಯಿಂದ ಹಿಮ ನೋಡುವ ಎಂಜಿನಿಯರು. ಪಕ್ಕದ ಮನೆಯವಳು ಡೊರೊಥಿ. ಅವಳ ಗಂಡ ಅರ್ಲ್, ಊರಿನ ಬೆಂಕಿ ಆರಿಸುವ ದಳದ ಮುಖ್ಯಸ್ಥ. ದಳ ಎಂದರೆ ಸಂಬಳದವರಲ್ಲ. ಹಾರ್ಡ್‌ವೇರ್ ಅಂಗಡಿಯವನು, ಕ್ಷೌರದವನು, ಶಾಲೆಯ ಮೇಷ್ಟ್ರು, ಹೀಗೆ. ಬೆಂಕಿ ಬಿತ್ತು ಎಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವವರು.

ಅವರನ್ನು ಓಡಿಸುತ್ತಿದ್ದವಳು ಡೊರೊಥಿ. ಅವಳ ಅಡುಗೆಮನೆಯ ಗೋಡೆಗೆ ಒಂದು ಕೆಂಪು ಫೋನು, ಬ್ರೆಡ್ ಡಬ್ಬಿಯ ಪಕ್ಕ ಒಂದು ರೇಡಿಯೋ ಪೆಟ್ಟಿಗೆ, ಅದರ ಮುಂದೆ ಮೇಜಿನ ಮೇಲೆ ನಿಲ್ಲುವ ಮೈಕು. ಒಂದು ಗುಂಡಿ ಒತ್ತಿದರೆ ಸ್ಟೇಷನ್ನಿನ ಸೈರನ್ನು ಊರಿಗೆಲ್ಲ ಕೂಗುತ್ತಿತ್ತು. ಮನೆಮನೆಗಳಲ್ಲಿ, ಸೊಂಟಗಳಲ್ಲಿ ಇದ್ದ ಪುಟ್ಟ ರೇಡಿಯೋಗಳು ಕೀ ಎನ್ನುತ್ತಿದ್ದವು. ಆಮೇಲೆ ಅವಳ ಧ್ವನಿ: ಯಾವ ರಸ್ತೆ, ಯಾವ ಮನೆ, ಏನು ಉರಿಯುತ್ತಿದೆ. ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಸೂಪಿನ ಸೌಟು. ಮೊದಲ ಸಲ ಅದನ್ನು ನೋಡಿದಾಗ ನನ್ನ ಮೈಯೆಲ್ಲ ಜುಮ್ಮೆಂದಿತು. ಮಾರನೆಯ ದಿನದಿಂದ ನನ್ನ ಮಧ್ಯಾಹ್ನಗಳು ಅಲ್ಲೇ.

ಅವಳು ನನಗೂ ಕಲಿಸಿದಳು. "ಕೂಗ್ಬೇಡ ಹನಿ, ನಿಧಾನವಾಗಿ ಹೇಳು. ನೀನು ಹೇಳಿದ್ದನ್ನ ಅವರು ತಿರುಗಿ ಸರಿಯಾಗಿ ಹೇಳೋ ತನಕ ನೀನು ಹೇಳಿದ ಹಾಗೇ ಅಲ್ಲ." ಹುಲ್ಲಿಗೆ ಬಿದ್ದ ಬೆಂಕಿ, ಕಸದ ಡಬ್ಬಿಯ ಬೆಂಕಿ ಎಲ್ಲವನ್ನೂ ಅವಳ ಪಕ್ಕ ಕೂತು ನಾನೇ ಕಳಿಸಿದೆ. ಒಂದೇ ತೊಂದರೆ. ಅವರ ಭಾಷೆಯಲ್ಲಿ ವಕಾರ ಎರಡಂತೆ, ಒಂದಕ್ಕೆ ತುಟಿ ದುಂಡಗೆ ಮಾಡಬೇಕಂತೆ. ನಮಗೆ ಅಕ್ಷರಾಭ್ಯಾಸದಲ್ಲಿ ಕೊಟ್ಟದ್ದು ಒಂದೇ ವ! ಡೊರೊಥಿ ಕನ್ನಡಿ ಹಿಡಿದು ತುಟಿ ತೋರಿಸುವಳು, ನಾನು ಸೀಟಿ ಹೊಡೆಯುವವಳಂತೆ ಮುಖ ಮಾಡುವೆ, ಇಬ್ಬರೂ ನಗುವೆವು.

ಅಷ್ಟರಲ್ಲಿ ಅರ್ಲ್ ನಮ್ಮವರನ್ನೂ ದಳಕ್ಕೆ ಸೇರಿಸಿದ್ದ. ಕಾರ್ಖಾನೆಯವರು ಕರೆ ಬಂದಾಗ ಬಿಟ್ಟುಕೊಡುತ್ತಿದ್ದರು. ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ ಮಡಿ ಪಂಚೆಯ ಸೊಂಟದಲ್ಲಿ ಆ ರೇಡಿಯೋ ಕೀ ಎಂದಿತು. ಮಂಗಳಾರತಿ ತಟ್ಟೆ ನನ್ನ ಕೈಗಿಟ್ಟು ಪಂಚೆಯಲ್ಲೇ ಓಡಿದರು. ಊಟಕ್ಕೆ ಬಂದಿದ್ದ ಡಾಕ್ಟರ ಹೆಂಡತಿ ಅವರು ಹಿಂತಿರುಗುವ ತನಕ ಕಾದಿದ್ದು ಕೇಳಿದರು: "ಇದಕ್ಕೆ ಏನು ಕೊಡ್ತಾರೆ?"

"ಬೂಟು ಕೊಟ್ಟಾರ್ರೀ," ಎಂದರು ನಮ್ಮವರು, ಹೆಮ್ಮೆಯಿಂದ.

ಗಾಳಿ ಜೋರಾಗಿದ್ದ ಒಂದು ಮಧ್ಯಾಹ್ನ ಡೊರೊಥಿಯ ಮಗನಿಗೆ ಜ್ವರವೆಂದು ಶಾಲೆಯಿಂದ ಫೋನು ಬಂತು. "ಹೋಗಿ ಕರ್ಕೊಂಡು ಬಂದ್ಬಿಡ್ತೀನಿ. ನೀನಿದೀಯಲ್ಲ," ಎಂದು ಹೊರಟಳು. ಅವಳ ಕಾರು ತಿರುವು ದಾಟಿತೋ ಇಲ್ಲವೋ, ಕೆಂಪು ಫೋನು ಹೊಡೆದುಕೊಂಡಿತು. ದಾರಿಹೋಕನೊಬ್ಬ ಉಸಿರುಗಟ್ಟಿ ಹೇಳುತ್ತಿದ್ದ: ಚರ್ಚ್ ಪಕ್ಕದ ರಸ್ತೆಯಲ್ಲಿ ಎರಡಂತಸ್ತಿನ ಮನೆ, ಕಿಟಕಿಯಿಂದ ಬೆಂಕಿ ಬರ್ತಿದೆ!

ಗುಂಡಿ ಒತ್ತಿದೆ. ಸೈರನ್ ಎದ್ದಿತು. ನನ್ನ ಧ್ವನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು. ಬೆಂಕಿ ಲಾರಿಯ ರೇಡಿಯೋದಿಂದ ಹೊರಟೆವೆಂದು ಉತ್ತರ ಬಂತು. ಸ್ವಲ್ಪ ಹೊತ್ತಿಗೆ ಅರ್ಲ್: "ತಲುಪಿದೀವಿ. ಮನೆ ಖಾಲಿ ಅಂತ ಪಕ್ಕದವರು ಹೇಳ್ತಿದಾರೆ. ಆದ್ರೂ ಇಬ್ಬರು ಪೈಪ್ ತಗೊಂಡು ಒಳಗೆ ಹೋಗ್ತಿದಾರೆ." ಕೈಲಿ ಹಿಡಿಯುವ ರೇಡಿಯೋ ದಳದಲ್ಲಿ ಎರಡೇ ಇದ್ದವು. ಒಂದು ಅರ್ಲ್ ಬಳಿ. ಇನ್ನೊಂದರಿಂದ ಮುಖವಾಡದೊಳಗಿನ ಧ್ವನಿಯೊಂದು "ಒಳಗಿದೀವಿ" ಎಂದು ಇಂಗ್ಲಿಷಿನಲ್ಲಿ ಹೇಳಿತು. ಎಷ್ಟು ಮುಖವಾಡ ಹಾಕಿದರೇನು, ಧಾರವಾಡದ ಗಂಟಲು ನನಗೆ ಗೊತ್ತಾಗುವುದಿಲ್ಲವೇ?

ಆಗ ಮತ್ತೆ ಕೆಂಪು ಫೋನು. ಆ ಮನೆಯವಳೇ, ಕೆಲಸದ ಜಾಗದಿಂದ. "ನಮ್ಮಪ್ಪ ಒಳಗಿದಾರೆ! ನಿನ್ನೆ ಫ್ಲಿಂಟ್‌ನಿಂದ ಬಂದ್ರು, ಯಾರಿಗೂ ಗೊತ್ತಿಲ್ಲ. ಮೇಲಿನ ವೆಸ್ಟ್ ಬೆಡ್‌ರೂಮಲ್ಲಿ ಮಲಗಿದಾರೆ, ಗ್ಯಾರೇಜ್ ಮೇಲೆ. ಅವರಿಗೆ ಕಿವಿ ಕೇಳಲ್ಲ!"

ಮೈಕು ಒತ್ತಿ ಹೇಳಿದೆ: "ಒಳಗೆ ಒಬ್ಬ ವಯಸ್ಸಾದವರಿದಾರೆ. ವೆಸ್ಟ್ ಬೆಡ್‌ರೂಮ್."

ಅರ್ಲ್ ತಿರುಗಿ ಹೇಳಿದ: "ಸರಿ, ಗೆಸ್ಟ್ ಬೆಡ್‌ರೂಮ್. ಹುಡುಗರೇ, ಗೆಸ್ಟ್ ರೂಮು ಕೆಳಗೆ ಹಿಂದುಗಡೆ ಇದೆಯಂತೆ, ಹೋಗಿ."

"ನೋ, ನೋ! ವೆಸ್ಟ್!"

"ಸರಿಯಾಗಿ ಕೇಳಿಸ್ತು. ಗೆಸ್ಟ್."

ತುಟಿ ದುಂಡಗೆ ಮಾಡಿ ಇನ್ನೊಮ್ಮೆ ಹೇಳಿದೆ. ನೀರಿನ ಭೋರ್ಗರೆತ, ಎಂಜಿನ್ನಿನ ಅಬ್ಬರದ ನಡುವೆ ಅದೂ ಗೆಸ್ಟ್ ಆಗಿಯೇ ಹೋಯಿತು. ಬೇರೆ ಮಾತು ಹುಡುಕೋಣವೆಂದರೆ ಇಂಗ್ಲಿಷೆಲ್ಲ ತಲೆಯಿಂದ ಜಾರಿಹೋಗಿತ್ತು. ಅಷ್ಟರಲ್ಲಿ ರೇಡಿಯೋದಿಂದ, ಹೊಗೆಯ ಒಳಗಿನಿಂದ, ಅಚ್ಚ ಕನ್ನಡ!

"ಏ, ಪಶ್ಚಿಮ ಅಂದಿ ಏನು?"

"ಹೂಂ ರೀ, ಪಶ್ಚಿಮ! ಮಹಡಿ ಮೇಲೆ! ಗ್ಯಾರೇಜಿನ ಮೇಲೆ ರೀ!"

"ತಿಳೀತು. ಮ್ಯಾಲೆ ಹೊಂಟೀವಿ."

ಆಮೇಲೆ ರೇಡಿಯೋದಲ್ಲಿ ಬರೀ ಸುಂಯ್ ಎನ್ನುವ ಸದ್ದು. ಒಲೆಯ ಮೇಲೆ ಡೊರೊಥಿಯ ಸೂಪು ಉಕ್ಕಿ ಚೆಲ್ಲುತ್ತಿತ್ತು, ಏಳಲಾಗಲಿಲ್ಲ. ಮುದುಕರ ಕಡೆಗೆ ನನ್ನ ಗಂಡನನ್ನು ನಾನೇ ಮೆಟ್ಟಿಲು ಹತ್ತಿಸಿದ್ದೆ. ಆ ಮೆಟ್ಟಿಲು ನಿಂತಿರುತ್ತದೋ ಇಲ್ಲವೋ ಯಾರಿಗೆ ಗೊತ್ತು? ಅರ್ಲ್ ಕರೆದ, ಉತ್ತರವಿಲ್ಲ. ಮತ್ತೆ ಕರೆದ. ನಾನು ಮೈಕಿನ ಕುತ್ತಿಗೆ ಹಿಡಿದುಕೊಂಡು ಕೂತಿದ್ದೆ, ಅದನ್ನು ಬಿಟ್ಟರೆ ಅವರನ್ನೇ ಬಿಟ್ಟಂತೆ.

"ಗ್ಯಾರೇಜ್ ಕಡೆ ಕಿಟಕಿ!" ಅರ್ಲ್ ಕೂಗಿದ, ಕೂಗಬಾರದೆಂಬ ನಿಯಮವೆಲ್ಲ ಮರೆತು. "ಕಿಟಕಿ ಒಡೆದ್ರು! ಏಣಿ ಹಾಕಿ! ಮುದುಕರು ಸಿಕ್ಕಿದ್ರು, ಉಸಿರಾಡ್ತಿದಾರೆ! ನಮ್ಮವರಿಬ್ಬರೂ ಹೊರಗೆ ಬಂದ್ರು!"

ನಾನು ವಿಧಿವತ್ತಾಗಿ ಅದನ್ನು ತಿರುಗಿ ಹೇಳಬೇಕಿತ್ತು. "ಥ್ಯಾಂಕ್ ಯೂ, ಥ್ಯಾಂಕ್ ಯೂ" ಎಂದಷ್ಟೇ ಹೇಳಿ ಅತ್ತೆ, ನಕ್ಕೆ, ಎದ್ದು ಸೂಪು ಇಳಿಸಿದೆ. ಆಗ ಹೊರಗೆ ಕಾರಿನ ಬಾಗಿಲು ಧಡಾರನೆ ಮುಚ್ಚಿದ ಸದ್ದು. ಡೊರೊಥಿ ಮಗನ ಕೈ ಹಿಡಿದು ಒಳಗೆ ಬಂದು, "ಏನಾದ್ರೂ ಆಯ್ತಾ?" ಎಂದಳು. ನಾನು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ, ಅರ್ಧ ಕನ್ನಡದಲ್ಲಿ.

ದಳದ ಮುಂದಿನ ಸಭೆಯಲ್ಲಿ ಅರ್ಲ್ ಗಂಭೀರವಾಗಿ ಎದ್ದು ನಿಂತ. "ರೇಡಿಯೋದಲ್ಲಿ ಇಂಗ್ಲಿಷ್ ಮಾತ್ರ. ಅದು ರೂಲು." ಸ್ವಲ್ಪ ತಡೆದು ನನ್ನ ಕಡೆ ತಿರುಗಿದ. "ಈಗ ಆ ಪದ ಹೇಳಿಕೊಡು." ಕ್ಷೌರದವನು, ಮೇಷ್ಟ್ರು, ಹಾರ್ಡ್‌ವೇರ್ ಅಂಗಡಿಯವನು ಎಲ್ಲರೂ ಒಕ್ಕೊರಲಿನಿಂದ "ಪ್ಯಾಶ್‌ಚೀಮಾ!" ಎಂದು ಕೂಗಿದರು. ಆ ಮುದುಕರು ಚೇತರಿಸಿಕೊಂಡು ಒಂದು ಭಾನುವಾರ ನಮ್ಮ ಮನೆಗೂ ಬಂದರು, ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡರು, ನಮ್ಮವರ ಕೈ ಹಿಡಿದದ್ದನ್ನು ಹೊರಡುವ ತನಕ ಬಿಡಲಿಲ್ಲ.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನಿರಲಾಗಲಿಲ್ಲ. ಇವತ್ತು ಬೆಳಿಗ್ಗೆ ಮಿಷಿಗನ್ನಿಗೆ ಫೋನು ಮಾಡಿದೆ. ಡೊರೊಥಿ ಈಗ ಮಗನ ಜೊತೆ ಇದ್ದಾಳೆ. ಅರ್ಲ್ ಹೋಗಿ ಬಹಳ ವರ್ಷಗಳಾದವು. ಧ್ವನಿ ಸಣ್ಣಗಾಗಿದೆ, ಆದರೆ ಅದೇ ನಿಧಾನ.

"ಅವತ್ತು ನಾನೊಬ್ಬಳೇ ಇದ್ದೆನಲ್ಲ, ಎಷ್ಟು ಹೆದರಿದ್ದೆ ಗೊತ್ತಾ?" ಎಂದೆ.

"ಒಬ್ಬಳೇ ಇರಲಿಲ್ಲ, ಹನಿ. ನೀನು ಮತ್ತೆ ಮತ್ತೆ ವೆಸ್ಟ್ ಅಂತಿದ್ದಾಗಲೇ ನಾನು ಬಂದಿದ್ದೆ. ಮಗನನ್ನ ಕಾರಲ್ಲೇ ಬಿಟ್ಟು ನಿನ್ನ ಹಿಂದೆ, ಬಾಗಿಲಲ್ಲಿ ನಿಂತಿದ್ದೆ."

"ಮತ್ತೆ ಮೈಕ್ ಯಾಕೆ ತಗೊಳ್ಳಲಿಲ್ಲ?"

"ಕೈ ಚಾಚಿದ್ದೆ. ಅಷ್ಟರಲ್ಲಿ ನಿಮ್ಮ ಭಾಷೆ ಶುರುವಾಯ್ತು. ಹೊಗೆಯೊಳಗಿರೋರಿಗೆ ಮಧ್ಯದಲ್ಲಿ ಧ್ವನಿ ಬದಲಾಗಬಾರದು. ಅವರು ಹೊರಗೆ ಬಂದ ಮೇಲೆ ಮೆಲ್ಲಗೆ ಹೋಗಿ ಕಾರಿನ ಬಾಗಿಲು ಇನ್ನೊಂದು ಸಲ ಹಾಕಿದೆ, ಜೋರಾಗಿ, ಆಗಷ್ಟೇ ಬಂದವಳ ಹಾಗೆ."

ಫೋನು ಇಟ್ಟೆ. ನಮ್ಮವರು ಪೇಪರಿನಿಂದ ತಲೆ ಎತ್ತಿ, "ಏನಂದ್ಳು?" ಎಂದು ಕೇಳಿದರು. ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಹಂಗಾರ ಇಬ್ಬರಿದ್ರಿ ಅನ್ನು."

"ಹೂಂ ರೀ," ಎಂದೆ. "ಇಬ್ಬರಿದ್ವಿ."