ಕುಂಕುಮ ಹತ್ತಿದ ಫ್ಲಾಪಿ

ಅದು ಆಗುವ ಮಾತಲ್ಲ ಎಂದವನು ನನ್ನ ಕಾಕಾ, ಅಪ್ಪನ ತಮ್ಮ. ಅಪ್ಪ ವರ್ಷದ ಬಹುಭಾಗ ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದುದರಿಂದ ಮನೆಯಲ್ಲಿ ಕಾಕಾನ ಮಾತೇ ನಡೆಯುತ್ತಿತ್ತು. ಗಡಹಿಂಗ್ಲಜದ ಕಾಲೇಜಿನಲ್ಲಿ ನಾನು ಬಿ.ಕಾಂ. ಪಾಸಾದಾಗ ಓಣಿಗೆಲ್ಲ ಪೇಡೆ ಹಂಚಿದವನೂ ಅವನೇ. ನಮ್ಮ ಮನೆತನದಲ್ಲಿ ಪದವಿಯ ಮುಖ ಮೊದಲು ಕಂಡವಳು ನಾನು. ಆದರೆ ಕೊಲ್ಹಾಪುರಕ್ಕೆ ಹೋಗಿ ಕಂಪ್ಯೂಟರ್ ಡಿಪ್ಲೊಮಾ ಮಾಡುತ್ತೇನೆ ಎಂದಾಗ ಅವನು ಬಾಯಿಯೊಳಗಿನ ಎಲೆಯಡಿಕೆ ಉಗುಳಿ ಬಂದು ಎದುರಿಗೆ ಕುಳಿತ.

"ಕಲತೀ ಅಂತ ತಿಳಿ. ಮುಂದ? ಆ ಡಬ್ಬ್ಯಾಗ ಹಿಸಾಬ ಇಡಬೇಕಂದ್ರ ಯಾರರೆ ತಮ್ಮ ಹಿಸಾಬ ನಿನ್ನ ಕೈಗೆ ಕೊಡಬೇಕಲ್ಲ? ವ್ಯಾಪಾರದ ಮಂದಿ ಹೆಂಡತಿಗೆ ಸೈತ ಹಿಸಾಬ ತೋರಸಾಂಗಿಲ್ಲ. ಕುರಿ ಕಾಯೋರ ಮಗಳಿಗೆ ತೋರಸ್ತಾರನ? ಆಗಾಂಗಿಲ್ಲವಾ, ಬಿಡು."

ನಾನು ಬಟ್ಟೆಯ ಗಂಟು ಕಟ್ಟಿದೆ. ಕೊಲ್ಹಾಪುರದ ಬಸ್ಸು ಹತ್ತಿದೆ. ಆದರೆ ಆ ಮಾತು ಕಾಲಿನೊಳಗೆ ಸೇರಿಕೊಂಡಂತಾಯಿತು. ಆ ವರ್ಷವೆಲ್ಲ ನಾನು ಎಲ್ಲಿಯೂ ನೆಟ್ಟಗೆ ಕುಳಿತ ನೆನಪಿಲ್ಲ. ಬೆಂಚಿನ ಕೆಳಗೆ ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು. ಪಕ್ಕದ ಹುಡುಗಿಯರು ಕೈಯಿಟ್ಟು ಅದನ್ನು ಅದುಮಿ ಹಿಡಿಯುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮ ಸರ್ ಮರಾಠಿಯವರು, ಕಡಿಮೆ ಮಾತಿನವರು. ಉಳಿದ ಕಡೆ ಪ್ರಾಜೆಕ್ಟ್ ಎಂದರೆ ಬೈಂಡ್ ಮಾಡಿಸಿದ ಪುಸ್ತಕ, ನಮ್ಮಲ್ಲಿ ಹಾಗಲ್ಲ. ನೀನು ಬರೆದ ಪ್ರೋಗ್ರಾಂ ಹೊರಗಿನ ಯಾರದೋ ಅಂಗಡಿಯಲ್ಲಿ ನಿಜವಾಗಿ ನಡೆಯಬೇಕು. ಆಮೇಲೆ ಅದಕ್ಕೊಂದು ತಿದ್ದುಪಡಿ ಮಾಡಿ, ಫ್ಲಾಪಿಗಳನ್ನು ಪ್ಯಾಕೆಟ್ ಕಟ್ಟಿ ಕೊಡಬೇಕು. ಆ ಅಂಗಡಿಯವರು ಒಳಗಿನ ಸೂಚನೆ ಓದಿ ಅದನ್ನು ತಾವೇ ಹಾಕಿಕೊಳ್ಳಬೇಕು. ಹಳೆಯ ಮಾಹಿತಿಯ ಒಂದು ಅಕ್ಷರವೂ ಅಳಿಯಕೂಡದು. ನಾವು ಪಕ್ಕದಲ್ಲಿ ನಿಂತಿರಬಹುದು, ಅಷ್ಟೆ. "ಹಾತ್ ಲಾವಾಯಚಾ ನಾಹೀ," ಕೈ ಹಚ್ಚುವಂತಿಲ್ಲ ಎನ್ನುತ್ತ ಸರ್ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ತೋರಿಸುತ್ತಿದ್ದರು. ಅಂಗಡಿಯವರ ಸಹಿ ಬಂದರೆ ಪ್ರಮಾಣಪತ್ರ, ಇಲ್ಲವಾದರೆ ಇನ್ನೊಂದು ವರ್ಷ. ಇನ್ನೊಂದು ವರ್ಷ ನನ್ನನ್ನು ಕೊಲ್ಹಾಪುರದಲ್ಲಿಡುವ ಶಕ್ತಿ ಅಪ್ಪನಿಗಿರಲಿಲ್ಲ. ಅದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗಗಳ ಶೆಡ್ಡಿನಿಂದ ಶೆಡ್ಡಿಗೆ ಅಲೆದೆ. ಒಳಗಿನ ಸದ್ದಿಗೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ. ಕೆಲವರು ಕೈಯಾಡಿಸಿ ಕಳಿಸಿದರು, ಒಬ್ಬರು ನಾನು ಚಂದಾ ಕೇಳಲು ಬಂದಿದ್ದೇನೆಂದುಕೊಂಡರು. ಕೊನೆಗೆ ಒಪ್ಪಿದವರು ಒಬ್ಬ ಜೈನ ಮಾಲಕರು. ಅವರ ಮನೆಮಾತು ಕನ್ನಡ. ಯಾರದೋ ಮಾತು ಕೇಳಿ ಕಂಪ್ಯೂಟರ್ ಕೊಂಡುಬಿಟ್ಟಿದ್ದರು. ಅದು ಬಟ್ಟೆ ಹೊದ್ದು ಮೂಲೆಯಲ್ಲಿ ಕುಳಿತಿತ್ತು.

"ಇದನ್ನ ಮಾತಾಡಸ್ತೀ ಏನ್ ತಂಗಿ?" ಎಂದರು. "ಬಂದಾಗಿಂದ ಮೌನ ಹಿಡದೈತಿ."

ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ, ಎರಡು ಡ್ರೈವ್ ಇದ್ದವು. ಮೇಲಿನದರಲ್ಲಿ ನನ್ನ ಪ್ರೋಗ್ರಾಮಿನ ಫ್ಲಾಪಿ, ಕೆಳಗಿನದರಲ್ಲಿ ಅವರ ಮಾಹಿತಿಯ ಫ್ಲಾಪಿ. ಯಾವ ಮಗ್ಗದ ಮೇಲೆ ಯಾವ ನೇಕಾರ, ಅವನು ಎಷ್ಟು ತಾಗಾ, ಅಂದರೆ ಎಷ್ಟು ಥಾನು ಬಟ್ಟೆ ಇಳಿಸಿದ, ಇಷ್ಟೇ ಅದರ ಕೆಲಸ. ಮೊದಮೊದಲು ಅವರು ಕಂಪ್ಯೂಟರಿನಲ್ಲೂ ಲೆಕ್ಕದ ವಹಿಯಲ್ಲೂ ಬರೆಯುತ್ತಿದ್ದರು. ಒಂದು ದಿನ ನನ್ನೆದುರಿಗೇ ವಹಿಗೆ ದಾರ ಸುತ್ತಿ ಕಪಾಟಿನಲ್ಲಿಟ್ಟರು. "ಎರಡ ಕಡೆ ಯಾಕ? ನೀ ಅದೀಯಲ್ಲ." ಕಾಕಾ ಆಗುವುದಿಲ್ಲ ಎಂದದ್ದು ಆಗಿತ್ತು. ಹಿಗ್ಗಬೇಕಾದ ಗಳಿಗೆ. ನಾನು ಮಾತ್ರ ಅಂದೇ ಕುಳಿತು, ಮಾಹಿತಿಯ ಫ್ಲಾಪಿಗೆ ತಪ್ಪದೆ ಒಂದು ನಕಲು ತೆಗೆದಿಡುವುದನ್ನು ಅವರಿಗೆ ಕಲಿಸಿದೆ.

ತಿದ್ದುಪಡಿಯ ಕಾರಣವೂ ಬೇಗ ಸಿಕ್ಕಿತು. ಮಗ್ಗದ ಕೆಲಸ ಎರಡು ಪಾಳಿಯದು. ಈ ವಾರ ಹಗಲು ನೇಯ್ದವನು ಮುಂದಿನ ವಾರ ರಾತ್ರಿ ಬರುತ್ತಾನೆ. ನನ್ನ ಪ್ರೋಗ್ರಾಮಿಗೆ ಆ ಅದಲುಬದಲು ತಿಳಿಯುತ್ತಿರಲಿಲ್ಲ. ಹೀಗಾಗಿ ಒಬ್ಬನ ತಾಗಾ ಇನ್ನೊಬ್ಬನ ಹೆಸರಿಗೆ ಬೀಳತೊಡಗಿತು. "ತಂಗಿ, ನಿನ್ನ ಡಬ್ಬಿ ಗಂಡಸರೊಳಗ ಜಗಳ ಹಚ್ಚಾಕತ್ತೈತಿ," ಎಂದು ಮಾಲಕರು ನಕ್ಕರು. ವಾರದ ಪಾಳಿಗೆ ಹೊಸದೊಂದು ಅಂಕಣ ಸೇರಿಸಿದೆ. ಹೊಸ ಪ್ರೋಗ್ರಾಂ ಮೊದಲ ಸಲ ಶುರುವಾದಾಗ ಹಳೆಯ ಮಾಹಿತಿಯನ್ನೆಲ್ಲ ತಾನೇ ಹೊಸ ಅಂಕಣಕ್ಕೆ ಹೊಂದಿಸಿಕೊಳ್ಳುವಂತೆ ಬರೆದೆ.

ಪ್ಯಾಕೆಟ್ ಮಾಡುವುದು ಇನ್ನೊಂದು ಕಥೆ. ಆಗಿನ ಫ್ಲಾಪಿ ಅಂಗೈಗಿಂತ ಅಗಲ, ಹಪ್ಪಳದಂತೆ ಬಾಗುವಂಥದ್ದು. ಸೀರೆ ಅಂಗಡಿಯಿಂದ ಖಾಲಿ ಪೆಟ್ಟಿಗೆ ತಂದು, ಅದರ ರಟ್ಟು ಕತ್ತರಿಸಿ, ಎರಡು ರಟ್ಟುಗಳ ನಡುವೆ ಎರಡು ಫ್ಲಾಪಿ ಇಟ್ಟೆ: ಒಂದು ಹೊಸ ಪ್ರೋಗ್ರಾಂ, ಇನ್ನೊಂದು ಅದರದೇ ಪ್ರತಿ. ಮೇಲೊಂದು ಸೂಚನೆಯ ಕಾರ್ಡು. ಅಂಟು ಹಚ್ಚಿ ಮುಚ್ಚಿದೆ.

ಅದನ್ನು ಎದೆಗವಚಿಕೊಂಡು ಇಚಲಕರಂಜಿಯ ಎಸ್‌ಟಿ ಬಸ್ಸು ಹತ್ತಿದರೆ, ಪಕ್ಕದ ಸೀಟಿಗೆ ಒಬ್ಬಾತ ನವರಾತ್ರಿ ಮಂಡಳದ ಲೌಡ್‌ಸ್ಪೀಕರ್ ಹೊತ್ತುಕೊಂಡು ಬಂದ. ಲೌಡ್‌ಸ್ಪೀಕರಿನೊಳಗೆ ಅಯಸ್ಕಾಂತ, ಫ್ಲಾಪಿಯಲ್ಲಿದ್ದುದನ್ನೆಲ್ಲ ಅಳಿಸಲು ಅದಷ್ಟೇ ಸಾಕು. ನಾನು ಎದ್ದು ಡ್ರೈವರನ ಹತ್ತಿರ ಹೋಗಿ ನಿಂತೆ.

"ಸೀಟ ಐತಿ, ಕುಂಡ್ರವಾ," ಎಂದ ಆ ಸ್ಪೀಕರಿನವನು.

"ಬ್ಯಾಡ್ರಿ, ನಿಂತ ಹೋಕ್ಕೀನಿ."

"ನಾ ಏನ್ ಕಡೀತೇನೇನ?"

ಬಸ್ಸಿನವರೆಲ್ಲ ನಕ್ಕರು. ಪ್ಯಾಕೆಟ್ಟನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಿಸುತ್ತ ನಿಂತೇ ಹೋದೆ. ಮಾಲಕರ ಕೈಗೆ ಕೊಟ್ಟು, "ದಸರಾ ಮುಗದ ಮ್ಯಾಲ ಸರ್ ಬರ್ತಾರ ಅಣ್ಣಾರ, ಅವರ ಮುಂದ ಹಾಕ್ರಿ," ಎಂದು ಹೇಳಿ ಬಂದೆ.

ದಸರೆಯ ಮರುದಿನ ಸರ್ ಜೊತೆ ಹೋದೆ. ಶೆಡ್ಡಿನ ಬಾಗಿಲಿಗೆ ಚೆಂಡು ಹೂವಿನ ತೋರಣ ಇನ್ನೂ ಬಾಡಿರಲಿಲ್ಲ. ಖಂಡೆನವಮಿಯ ಆಯುಧಪೂಜೆಗೆ ತೊಳೆದ ಮಗ್ಗಗಳ ಮೇಲೆ ಅರಿಶಿನ ಕುಂಕುಮದ ಬೊಟ್ಟುಗಳು. ಕಂಪ್ಯೂಟರಿಗೂ ಒಂದು ಮಾಲೆ. ಸರ್ ಮುಗುಳ್ನಕ್ಕು ಕೈ ಹಿಂದೆ ಕಟ್ಟಿ ನಿಂತರು, ನಾನೂ ಕಟ್ಟಿಕೊಂಡೆ. ಮಾಲಕರು ಕಾರ್ಡನ್ನು ಗಟ್ಟಿಯಾಗಿ ಓದುತ್ತ ಹೊಸ ಫ್ಲಾಪಿಯನ್ನು ಮೇಲಿನ ಡ್ರೈವಿಗೆ ಹಾಕಿ ಹಿಡಿಕೆ ತಿರುವಿದರು.

ಒಳಗೆ ಕರಕರ ಎಂದಿತು. ಪರದೆಯ ಮೇಲೆ ಓದಲಾಗದು ಎಂಬ ಸಂದೇಶ ಬಂತು. ಮತ್ತೆ ಹಾಕಿದರು, ಮತ್ತೆ ಕರಕರ. ಹೊರಗೆ ತೆಗೆದು ನೋಡಿದರೆ, ಕಪ್ಪು ಹೊದಿಕೆಯ ಉದ್ದನೆಯ ಕಿಂಡಿಯಲ್ಲಿ, ಒಳಗಿನ ಕಂದು ತಟ್ಟೆ ಕಾಣುವ ಜಾಗದಲ್ಲಿ, ಒಂದು ದುಂಡನೆಯ ಕೆಂಪು ಬೊಟ್ಟು.

"ಆಯೀ!" ಎಂದು ಮಾಲಕರು ತಮ್ಮ ತಾಯಿಯನ್ನು ಕೂಗಿದರು. "ಇವಕ್ಕ ಕುಂಕುಮ ಯಾರ ಹಚ್ಚಿದ್ರು?"

ಶೆಡ್ಡಿಗೆ ಹತ್ತಿದ ಮನೆಯಿಂದ ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ನಾನ. ಮತ್ತ ಯಾರ ಹಚ್ಚತಾರ? ನಟ್ಟ ತಿರುವೋ ಪಾನಾಕ್ಕ ಹಚ್ಚಿದೆ, ಕತ್ತರಿಗೆ ಹಚ್ಚಿದೆ. ಇವು ಏನ್ ಪಾಪ ಮಾಡ್ಯಾವ?"

"ಎಲ್ಲಾದಕ್ಕೂ ಹಚ್ಚೀ ಏನ?"

"ಎಲ್ಲಾದಕ್ಕೂ. ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಹ್ಯಾಂಗ? ಹೊಸಾ ಪಾಕೀಟ ಸೈತ ಬಿಚ್ಚಿ ಹಚ್ಚಿ ಮತ್ತ ಮೊದಲಿನಂಗ ಇಟ್ಟೇನಿ. ಮಖ ಯಾವುದಂತ ತಿಳೀಲಿಲ್ಲ. ಕಿಂಡಿ ಇದ್ದದ್ದ ಮಖ ಇರಬೇಕಂತ ಅಲ್ಲೇ ಹಚ್ಚಿದೆ."

ಪ್ರೋಗ್ರಾಮಿನ ಇನ್ನೊಂದು ಪ್ರತಿ ನನ್ನ ಚೀಲದಲ್ಲಿತ್ತು, ಅದರ ಚಿಂತೆಯಿಲ್ಲ. ಮಾಹಿತಿಯ ಫ್ಲಾಪಿ? ಅದಕ್ಕೂ ಬೊಟ್ಟು. ನಾನು ಕಲಿಸಿದಂತೆ ಮಾಲಕರು ತಪ್ಪದೆ ತೆಗೆದಿಟ್ಟಿದ್ದ ಅದರ ನಕಲು? ಅದೂ ಫ್ಲಾಪಿಗಳ ಅದೇ ಡಬ್ಬಿಯಲ್ಲಿತ್ತು, ಅದಕ್ಕೂ ಬೊಟ್ಟು. ವಹಿಗೆ ದಾರ ಸುತ್ತಿದ ದಿನದಿಂದ ಈಚಿನ ಮಗ್ಗಗಳ ಲೆಕ್ಕವೆಲ್ಲ ಆ ಕೆಂಪಿನ ಕೆಳಗೆ ಸಿಕ್ಕಿಕೊಂಡಿತ್ತು. ದೀಪಾವಳಿ ಎದುರಿಗೇ ಇತ್ತು. ನೇಕಾರರು ಬೋನಸ್ ಕೇಳುವುದು ಆ ಲೆಕ್ಕದ ಮೇಲೆಯೇ.

"ಆತಾ ಕಾಯ್ ಕರಣಾರ?" ಈಗೇನು ಮಾಡುತ್ತೀ ಎಂದು ಸರ್ ಕೇಳಿದರು. ಕೈ ಇನ್ನೂ ಬೆನ್ನ ಹಿಂದೆಯೇ ಇತ್ತು.

ತರಗತಿಯಲ್ಲಿ ಕೆಟ್ಟ ಫ್ಲಾಪಿಗಳನ್ನು ಕತ್ತರಿಸಿ ಒಳಗೇನಿದೆ ನೋಡಿದ್ದೆವು. ಕಂದು ತಟ್ಟೆ ತೆಳ್ಳಗಿದ್ದರೂ ಪ್ಲಾಸ್ಟಿಕ್ಕಿನದು, ನೀರಿಗೆ ಕರಗುವಂಥದ್ದಲ್ಲ. ಯೋಚನೆ ಪೂರ್ತಿಯಾಗುವ ಮೊದಲೇ ಬಾಯಿಂದ ಬಂತು: "ತೊಳದ ನೋಡೂಣ್ರಿ."

"ನೀ ತೊಳೆಯುವ ಹಾಗಿಲ್ಲ," ಎಂದು ಸರ್ ಮರಾಠಿಯಲ್ಲಿ ನೆನಪಿಸಿದರು. ಸಿಟ್ಟು ನೆತ್ತಿಗೇರಿತು. ಈ ಗಳಿಗೆಯಲ್ಲೂ ನಿಯಮವೇ? ಆಯಿ ಮುಂದೆ ಬಂದರು.

"ಹಚ್ಚಿದಾಕಿ ನಾನು, ತೊಳಿಯಾಕೀನೂ ನಾನ. ಏನ್ ಮಾಡಬೇಕು ಹೇಳ ನನ್ನವ್ವಾ."

ಹೇಳಿದೆ. ಮಾಲಕರು ಕತ್ತರಿಯಿಂದ ಮಾಹಿತಿಯ ಫ್ಲಾಪಿಯ ಹೊದಿಕೆಯ ಅಂಚು ಬಿಡಿಸಿ ತಟ್ಟೆಯನ್ನು ಹೊರಗೆಳೆದರು. ನಲ್ಲಿಯ ನೀರಿನಲ್ಲಿ ಮರಳಿನ ಕಣವಿದ್ದರೆ ಗೀರು ಬೀಳುತ್ತದೆ ಎಂದು ನಾನು ತಡವರಿಸುತ್ತಿದ್ದೆ. ಆಯಿಗೆ ನಗು ಬಂತು. ಜೈನರ ಮನೆಯಲ್ಲಿ ಬಟ್ಟೆಯಲ್ಲಿ ಸೋಸದ ನೀರು ಒಳಗೇ ಬರುವುದಿಲ್ಲ. ಸೋಸಿದ ನೀರಿನ ಕೊಡ ತಂದು, ಸಾಬೂನಿನ ಒಂದಿಷ್ಟು ನೊರೆಯಲ್ಲಿ, ಎಳೆಗೂಸಿನ ಮುಖ ತೊಳೆಯುವಂತೆ ಬೆರಳಿನ ತುದಿಯಿಂದ ತೊಳೆದರು. ನೀರು ಗುಲಾಬಿ ಬಣ್ಣಕ್ಕೆ ತಿರುಗಿ ಹರಿಯಿತು.

ಶೆಡ್ಡಿನಲ್ಲಿ ಒಣಗಿಸುವಂತಿರಲಿಲ್ಲ, ಎಲ್ಲಿ ನೋಡಿದರೂ ಹತ್ತಿಯ ನಾರು ಹಾರುತ್ತಿತ್ತು. ತಟ್ಟೆಯನ್ನು ಒಯ್ದು ಅವರ ದೇವರ ಕೋಣೆಯಲ್ಲಿ ನೇತುಹಾಕಿದರು. ಅದು ಒಣಗುವವರೆಗೆ ನಾನು ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಿದೆ. ಚಹಾ ಬಂತು, ಕುಡಿಯಲಾಗಲಿಲ್ಲ. ಸ್ಪಿರಿಟ್ ಹಾಕಿದ ಹತ್ತಿಯಿಂದ ಡ್ರೈವಿನ ಒಳಭಾಗ ಒರೆಸುವುದು ಹೇಗೆಂದು ಮಾಲಕರಿಗೆ ಹೇಳಿಕೊಡುವಾಗ ನನ್ನ ಬೆರಳುಗಳು ಗಾಳಿಯಲ್ಲೇ ಒರೆಸುತ್ತಿದ್ದವು.

ಒಂದು ಖಾಲಿ ಫ್ಲಾಪಿಯ ಹೊದಿಕೆಯೊಳಗೆ ತಟ್ಟೆಯನ್ನು ಸೇರಿಸಿ ಡ್ರೈವಿಗೆ ಹಾಕಿದರು. ಕೆಂಪು ದೀಪ ಹತ್ತಿತು. ಒಂದು ಕಡೆ ತೊಡರಿತು, ಮತ್ತೆ ಓದು ಎಂದು ಒತ್ತಿಸಿದೆ. ಇನ್ನೊಂದು ಕಡೆ ತೊಡರಿತು. ಆಮೇಲೆ ಹೆಸರುಗಳು ಒಂದರ ಕೆಳಗೊಂದು ಇಳಿದು ಬಂದವು. ಮೊದಲು ಅದನ್ನೆಲ್ಲ ಬೇರೆ ಫ್ಲಾಪಿಗೆ ನಕಲು ಮಾಡಿಸಿ, ಆಮೇಲೆ ಹೊಸ ಪ್ರೋಗ್ರಾಂ ಹಾಕಿಸಿದೆ. ಜಗಳವಾಡುತ್ತಿದ್ದ ಇಬ್ಬರು ನೇಕಾರರನ್ನು ಮಾಲಕರು ಕರೆದರು. ಅವರಲ್ಲಿ ಒಬ್ಬ ಪರದೆಯ ಮೇಲೆ ತನ್ನ ಸಾಲನ್ನು ಓದಿಸಿಕೊಂಡು, "ಹೌದ್ರಿ, ನಂದ ನನಗ ಬಂತು," ಎಂದ. ಇನ್ನೊಬ್ಬ, "ಅಂದ್ರ ಇಷ್ಟ ದಿನಾ ನಂದ ತಿಂದಾಂವ ನೀನ ಹೌದಲ್ಲ!" ಎಂದು ಅವನ ಬೆನ್ನಿಗೆ ಗುದ್ದಿದ.

ಮಾಲಕರು ಸಹಿಗೆ ಪೆನ್ನು ತೆಗೆದರು. ಸರ್ ತಡೆದರು. ಪ್ರೋಗ್ರಾಂ ಪಾಸು, ಪ್ಯಾಕೆಟ್ ನಾಪಾಸು ಎಂದರು. ನೀನಿಲ್ಲಿ ನಿಂತು ಹೇಳಿಕೊಟ್ಟೆ, ಆದ್ದರಿಂದ ಉಳಿಯಿತು, ನೀನಿಲ್ಲದ ದಿನ? ಹೊಸ ಪ್ಯಾಕೆಟ್ ಮಾಡಿ ಕೊಡು, ದೀಪಾವಳಿಯ ಲಕ್ಷ್ಮೀಪೂಜೆ ಆದ ಮೇಲೆ ಮತ್ತೆ ಬರುತ್ತೇನೆ, ಆಗ ನೋಡೋಣ.

ಹಾಗೆ ನೋಡಿದರೆ ಅವರ ಮಾತು ಸರಿಯೇ. ಅಂದು ಮಾತ್ರ ಬಸ್ಸಿನಲ್ಲಿ ಅವರಿಂದ ದೂರ, ಹಿಂದಿನ ಸೀಟಿನಲ್ಲಿ ಹೋಗಿ ಕುಳಿತೆ.

ಪೂಜೆ ಮಾಡಬೇಡಿ ಎಂದು ಕಾರ್ಡಿನಲ್ಲಿ ಬರೆಯಬಹುದಿತ್ತು. ಬರೆದೆ, ಹರಿದು ಹಾಕಿದೆ. ಮತ್ತೆ ಬರೆದೆ. ನಮ್ಮ ಮನೆಯಲ್ಲಿ ಉಣ್ಣೆ ಕತ್ತರಿಸುವ ಕತ್ತರಿಗೆ ಪೂಜೆ ಬೇಡವೆಂದು ಯಾರಾದರೂ ಚೀಟಿ ಕಳಿಸಿದರೆ ಅವ್ವ ಕೇಳುತ್ತಿದ್ದಳೆ? ಆ ಚೀಟಿಯನ್ನೇ ಒಲೆಗೆ ಹಾಕುತ್ತಿದ್ದಳು. ಹೊರಳಾಡಿ ಹೊರಳಾಡಿ ಕೊನೆಗೆ ತರಗತಿಯ ಕಸದ ಬುಟ್ಟಿಯಿಂದ ಒಂದು ಕೆಟ್ಟ ಫ್ಲಾಪಿ ಎತ್ತಿಕೊಂಡೆ. ಒರೆಸಿ, ಹೊಸ ಚೀಟಿ ಅಂಟಿಸಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಪೂಜೆಗೆ' ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದೆ. ಪ್ಯಾಕೆಟ್ ಬಿಚ್ಚುವ ಮೊದಲೇ ಕೈಗೆ ಸಿಗುವಂತೆ ಅದನ್ನು ರಟ್ಟಿನ ಹೊರಗೆ ದಾರದಿಂದ ಕಟ್ಟಿದೆ.

ದೀಪಾವಳಿಯ ಪಾಡ್ಯ ಮುಗಿದ ಮೇಲೆ ನಾವು ಹೋದಾಗ ಆ ಫ್ಲಾಪಿ ಲಕ್ಷ್ಮಿಯ ಫೋಟೋದ ಎದುರಿಗಿತ್ತು. ಅರಿಶಿನ, ಕುಂಕುಮ, ಅಕ್ಷತೆ. ನಡುವಿನ ತೂತಿನಲ್ಲಿ ಒಂದು ಚೆಂಡು ಹೂವು. ಪ್ಯಾಕೆಟ್ಟಿನ ಅಂಟು ಹಾಗೇ ಇತ್ತು. ಮಾಲಕರು ಕಾರ್ಡು ಓದಿದರು, ಹಾಕಿದರು, ನಡೆಯಿತು. ನಾನೇನೂ ಹೇಳಿಕೊಡಬೇಕಾಗಲಿಲ್ಲ. ಸರ್ ಆ ಪೂಜೆಯ ಫ್ಲಾಪಿಯನ್ನೇ ಬಹಳ ಹೊತ್ತು ನೋಡುತ್ತ ನಿಂತು, ಆಮೇಲೆ ಹಿಂದೆ ಕಟ್ಟಿದ್ದ ಕೈ ಬಿಡಿಸಿ ಸಹಿಯ ಕಾಗದವನ್ನು ತಾವೇ ಮಾಲಕರ ಮುಂದಿಟ್ಟರು.

ಪ್ರಮಾಣಪತ್ರ ಕೊಲ್ಹಾಪುರದಲ್ಲಿ ಕೈಗೆ ಬಂದ ದಿನ ಅಪ್ಪನ ಹಿಂಡು ಕಾಗಲದ ಹತ್ತಿರದ ಸುಳಕೂಡದ ಕಡೆ ಯಾರದೋ ಹೊಲದಲ್ಲಿ ಇಳಿದಿತ್ತು. ಊರಿಗೆ ಹೋಗುವವರೆಗೆ ತಡೆಯಲಾಗಲಿಲ್ಲ. ಕಾಗಲದಲ್ಲಿ ಇಳಿದು, ಕೇಳುತ್ತ ಕೇಳುತ್ತ ನಡೆದು ಹೋದೆ. ಅಪ್ಪ ಕಂಬಳಿಗೆ ಕೈ ಒರೆಸಿಕೊಂಡು ಪ್ರಮಾಣಪತ್ರವನ್ನು ಎರಡೂ ಕೈಯಿಂದ ಹಿಡಿದ. ಅವನಿಗೆ ಓದು ಬಾರದು.

"ಓದು," ಎಂದ.

ಓದಿದೆ. ನಮ್ಮ ಕಡೆಯ ಪದ್ಧತಿಯಂತೆ ಮೊದಲು ನನ್ನ ಹೆಸರು, ನಡುವೆ ಅಪ್ಪನ ಹೆಸರು, ಆಮೇಲೆ ಅಡ್ಡಹೆಸರು. ಅಪ್ಪ ಅಲ್ಲಿಗೇ ತಡೆದ.

"ನನ್ನ ಹೆಸರ ಯಾಕ ಹಾಕ್ಯಾರ? ಕಲತಾಕಿ ನೀನು." ಆ ಅಕ್ಷರಗಳು ಎಲ್ಲಿವೆಯೆಂದು ಕೇಳಿ, ಮುಟ್ಟದೆ, ಬಗ್ಗಿ ನೋಡಿದ. "ಹೋಗ್ಲಿ, ಹಾಕ್ಯಾರಂದ್ರ ಇರ್ಲಿ. ಅಳಸಾಕ ಹೋಗಬ್ಯಾಡ."