ಅಪ್ಪನಿಗೆ ‘ಆರ್’

ಇನ್ಸ್‌ಪೆಕ್ಟರು ಬರುತ್ತಾರೆಂದು ಹೆಡ್‌ಮಿಸ್ಟ್ರೆಸ್ ಹೇಳಿದ ದಿನದಿಂದ ನನಗೆ ಊಟ ಸೇರಲಿಲ್ಲ. ಮಂಡಿ ಮೊಹಲ್ಲಾದ ಆ ಹುಡುಗಿಯರ ಶಾಲೆಯಲ್ಲಿ ನನ್ನದು ಟೆಂಪೊರರಿ ಕೆಲಸ. ಇನ್ಸ್‌ಪೆಕ್ಟರು ಒಳ್ಳೆಯ ವರದಿ ಬರೆದರೆ ಕಾಯಂ, ಇಲ್ಲವಾದರೆ ಮನೆಯೇ ಗತಿ. ಅಣ್ಣ ಮೊದಲೇ ಹೇಳಿಬಿಟ್ಟಿದ್ದ: “ಒಂದು ವರ್ಷ ನೋಡ್ತೀನಿ ಕಣೇ. ಆಮೇಲೆ ಸುಮ್ನೆ ಮನೇಲಿದ್ಬುಡು.”

ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಇಂಗ್ಲಿಷಿನ ಆಮ್, ಈಸ್, ಆರ್ ಕಲಿಸುವುದು ನನ್ನ ಪಾಲಿಗೆ ಬಂದಿತ್ತು. ಮೂರೇ ಮೂರು ಪದ, ಪ್ರಾಣ ತಿಂದವು. ‘ನಾನು ಹುಡುಗಿ’ ಎಂದರೆ ಮುಗಿಯಿತಲ್ಲ, ನಡುವೆ ಇನ್ನೊಂದು ಪದ ಏಕೆ ಬೇಕು? ಮಕ್ಕಳಿಗಿರಲಿ, ನನಗೂ ಅದು ಗೊತ್ತಿರಲಿಲ್ಲ. ಕೊನೆಗೊಂದು ಉಪಾಯ ಹೂಡಿದೆ. ಈಸ್ ಎಂದರೆ ಇದ್ದಾನೆ, ಇದ್ದಾಳೆ. ಆರ್ ಎಂದರೆ ಇದ್ದಾರೆ. ಮಕ್ಕಳು ಒಂದೇ ದಿನದಲ್ಲಿ ಬಾಯಿಪಾಠ ಮಾಡಿಬಿಟ್ಟರು. ನಾನು ಮಹಾ ಬುದ್ಧಿವಂತೆ ಎಂದುಕೊಂಡೆ.

ಇನ್ಸ್‌ಪೆಕ್ಟರ ಬೂಟಿನ ಸದ್ದು ವರಾಂಡದಲ್ಲಿ ಕೇಳುವಷ್ಟರಲ್ಲೇ ನನ್ನ ಕೈಯ ಸೀಮೆಸುಣ್ಣ ಬೆವರಿಗೆ ಒದ್ದೆಯಾಗಿತ್ತು. ಅವರು ಮುಂದಿನ ಸಾಲಿನ ಹುಡುಗಿಯೊಬ್ಬಳನ್ನು ಎಬ್ಬಿಸಿ, ನಿನ್ನ ಅಪ್ಪ ಎಲ್ಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳಪ್ಪ ಬೆಲ್ಲದ ಮಂಡಿಯಲ್ಲಿ ಮೂಟೆ ಹೊರುವವರು. ಬೀದಿಯವರೆಲ್ಲ ಅವರನ್ನು ‘ಬಾರೋ, ಹೋಗೋ’ ಎಂದೇ ಮಾತಾಡಿಸುತ್ತಿದ್ದರು.

“ಮೈ ಫಾದರ್ ಆರ್ ಇನ್ ದಿ ಶಾಪ್,” ಎಂದಳು.

“ಈಸ್,” ಎಂದರು ಇನ್ಸ್‌ಪೆಕ್ಟರು.

“ಇಲ್ಲ ಸಾರ್, ಆರ್. ಈಸ್ ಅಂದ್ರೆ ಇದ್ದಾನೆ. ನಮ್ಮಪ್ಪನ್ನ ಅಂಗನ್ಬಾರ್ದು.”

“ಹೀಗಂತ ಯಾರು ಹೇಳ್ಕೊಟ್ಟಿದ್ದು?”

ಹುಡುಗಿ ನನ್ನ ಮುಖ ನೋಡಿದಳು. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ, “ನೀವೇ ಏನ್ರೀ?” ಎಂದರು. ನನಗೆ ಕಂಡದ್ದು ಅಣ್ಣನ ಮುಖ, ನಮ್ಮ ಮನೆಯ ಅಡಿಗೆಮನೆ, ಅದರ ಮಸಿ ಹಿಡಿದ ಗೋಡೆ.

“ಇಲ್ಲ ಸಾರ್,” ಎಂದೆ. “ನಾನು ಸರಿಯಾಗೇ ಹೇಳ್ಕೊಟ್ಟಿದ್ದೀನಿ. ಇವಳು ಗಮನ ಕೊಡಲ್ಲ.”

ಉಳಿದ ಮಕ್ಕಳು ತಲೆ ತಗ್ಗಿಸಿ ತಮ್ಮ ಸ್ಲೇಟು ನೋಡತೊಡಗಿದರು. ಇನ್ಸ್‌ಪೆಕ್ಟರ ಜೊತೆ ಬಂದಿದ್ದ ಹೆಡ್‌ಮಿಸ್ಟ್ರೆಸ್ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಸಂಜೆಯ ಲಾಂಗ್ ಬೆಲ್ ಹೊಡೆಯುವವರೆಗೂ ಅವಳು ಅಳದೆ ನಿಂತಿದ್ದಳು. ಅವಳು ಯಾವ ಕ್ಷಣದಲ್ಲಾದರೂ ನಿಜ ಹೇಳಿಬಿಡಬಹುದೆಂದು ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಅವಳು ಹೇಳಲಿಲ್ಲ. ವರದಿ ಚೆನ್ನಾಗಿಯೇ ಬಂತು, ಕೆಲಸ ಕಾಯಂ ಆಯಿತು.

ಅದು ಆಮೇಲಿನ ಮಾತು. ಇನ್ಸ್‌ಪೆಕ್ಟರು ಬಂದುಹೋದ ಮರುದಿನ ನಾನು ಆರ್ ಎಂದರೆ ಬಹಳ ಜನ, ಒಬ್ಬರಿಗಾದರೆ ಯಾರೇ ಆಗಲಿ ಈಸ್ ಎಂದು ಹೊಸದಾಗಿ ಪಾಠ ಮಾಡಿದೆ. ಮಾಡುವಾಗ ಆ ಹುಡುಗಿಯ ಕಡೆ ನೋಡಲು ಧೈರ್ಯ ಬರಲಿಲ್ಲ. ಎರಡು ವಾಕ್ಯ ಬರೆಯಿರಿ ಎಂದೆ. ಅವಳು ತಲೆ ಬಗ್ಗಿಸಿಕೊಂಡು ಬರೆದು ಸ್ಲೇಟನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಮೊದಲನೆಯದು, ‘ಮೈ ಫಾದರ್ ಆರ್ ಇನ್ ದಿ ಶಾಪ್.’ ಎರಡನೆಯದು, ‘ಮೈ ಟೀಚರ್ ಈಸ್ ಇನ್ ದಿ ಸ್ಕೂಲ್.’

ಮೊನ್ನೆಯವರೆಗೆ ನನಗೂ ಆರ್ ಎಂದೇ ಬರೆಯುತ್ತಿದ್ದ ಹುಡುಗಿ. ಎರಡನೆಯ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಮೊದಲನೆಯದನ್ನು ತಿದ್ದಲು ನನಗೆ ಕೈ ಬರಲಿಲ್ಲ.