ಚಿಮಣಿ ಎಣ್ಣೆಯ ಎಂಜಿನ್ನು

ಯುದ್ಧದ ಕಾಲ. ಕೊಪ್ಪಳದಲ್ಲಿ ಪೆಟ್ರೋಲು ಔಷಧಕ್ಕೂ ಸಿಗುತ್ತಿರಲಿಲ್ಲ; ಸಿಕ್ಕರೆ ಚಿಮಣಿ ಎಣ್ಣೆ, ಅಂದರೆ ದೀಪದ ಸೀಮೆಎಣ್ಣೆ. ನನ್ನ ಲಾರಿಯ ಎಂಜಿನ್ನು ಕೆಟ್ಟು, ಬಿಚ್ಚಿದ ಸಾಮಾನೆಲ್ಲ ಅಂಗಳದಲ್ಲಿ ಬಿದ್ದಿತ್ತು. ಚೊಚ್ಚಲ ಹೆರಿಗೆಗೆ ಹೋದ ಹೆಂಡತಿ ಇನ್ನೂ ಕುಷ್ಟಗಿಯ ತವರಿನಲ್ಲೇ ಇದ್ದಳು. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನೋಡಿದ್ದೇ ನೋಡಿದ್ದು. ಮಣ್ಣೆತ್ತಿನ ಅಮಾವಾಸ್ಯೆಯೊಳಗೆ ಇಬ್ಬರನ್ನೂ ಕರೆತರಬೇಕು. ಆಮೇಲೆ ಆಷಾಢ, ಅತ್ತೆ ಕಳಿಸುವವರಲ್ಲ. ಖಾಲಿ ಮನೆಯಲ್ಲಿ ಇನ್ನೊಂದು ತಿಂಗಳು ಕಳೆಯುವುದು ನನ್ನಿಂದ ಆಗದ ಮಾತಾಗಿತ್ತು.

ಗಂಗಾವತಿಯ ಮಿಸ್ತ್ರಿ ಚಾಚಾ ಹಳೆಯ ಲಾರಿಗಳಿಂದ ಬಿಚ್ಚಿದ, ಸಿಲಿಂಡರುಗಳ ಮೇಲೆ ಮುಚ್ಚುವ ಎರಡು ಹೆಡ್ಡು, ಎರಡು ಕ್ಯಾಮ್ ಶಾಫ್ಟು ತಂದು ಗೋಣಿಚೀಲದ ಮೇಲಿಟ್ಟರು. ಒಂದು ಹೆಡ್ಡಿನಲ್ಲಿ ಎಣ್ಣೆ ಉರಿಯುವ ಗುಂಡಿ ಆಳ, ಇನ್ನೊಂದರದು ಅಷ್ಟಕ್ಕಷ್ಟೇ. ವಾಲ್ವು ಎತ್ತುವ ಶಾಫ್ಟುಗಳಲ್ಲಿ ಒಂದರ ಉಬ್ಬು ಎತ್ತರ, ಓಟಕ್ಕೆ ಒಳ್ಳೆಯದು; ಇನ್ನೊಂದರದು ಸಣ್ಣದು.

“ಎತ್ತರದ್ದು ಹಾಕ್ರಿ ಚಾಚಾ, ಹಾರ್ಕೊಂತ ಹೋಗ್ತೀನಿ.”

“ಹಾರೂದು ಆಮ್ಯಾಲ. ಅದರ ಹೊಟ್ಟಿಗೆ ಏನ್ ಹಾಕ್ತಿ ಬೇಟಾ?”

“ಚಿಮಣಿ ಎಣ್ಣಿ. ಸ್ಟಾರ್ಟ್ ಮಾಡಾಕಂತ ಒಂದ ಬಾಟ್ಲಿ ಪೆಟ್ರೋಲ್ ಐತಿ.”

“ಹಂಗಾರ ಆಳದ ಹೆಡ್ಡ ಬೇಕು, ಅದರಾಗ ಒತ್ತಡ ಕಡಿಮಿ. ಒತ್ತಡ ಹೆಚ್ಚಾತಂದ್ರ ಈ ಎಣ್ಣಿ ಒಳಗ ಬಡದು ಪಿಸ್ಟನ್ ಒಡೀತೈತಿ. ಒತ್ತಡ ಕಡಿಮಿ ಇದ್ದಾಗ ಎತ್ತರದ ಶಾಫ್ಟ್ ಹಾಕಿದ್ರ ಏರಿನ್ಯಾಗ ಕೈ ಕೊಡ್ತೈತಿ. ಸಣ್ಣದು ನಿಧಾನ ಹೋಗ್ತೈತಿ, ಖರೇ ನಿಲ್ಲಂಗಿಲ್ಲ.”

ಬಾಣಂತಿ, ಕೂಸನ್ನು ಕಟ್ಟಿಕೊಂಡು ಯಲಬುರ್ಗಾದ ಏರಿನಲ್ಲಿ ನಿಂತರೆ ಗತಿಯೇನು? ಹಲ್ಲು ಕಚ್ಚಿ ಸಣ್ಣ ಶಾಫ್ಟನ್ನೇ ಎತ್ತಿಕೊಟ್ಟೆ.

ಎಲ್ಲ ಜೋಡಿಸುವಷ್ಟರಲ್ಲಿ ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನವಾಗಿತ್ತು. ದೀಪ ಹಚ್ಚುವ ಮೊದಲು ಕುಷ್ಟಗಿ ಮುಟ್ಟಬೇಕು. ಹಬ್ಬಕ್ಕೆ ಊರಿಗೆ ಹೊರಟ ಮಂದಿಯನ್ನು ಹೇರಿಕೊಂಡು ಹೊರಟೆ. ಎಂಜಿನ್ನು ಕೆಡಲಿಲ್ಲ, ನಿಲ್ಲಲಿಲ್ಲ, ಓಡಲೂ ಇಲ್ಲ. ಕುಕನೂರಿನ ಹತ್ತಿರ ಬಂಡಿಯವನೊಬ್ಬ, “ಎತ್ತು ಹೂಡ್ಲೇನ್ರಿ ಸಾವ್ಕಾರ?” ಎಂದು ಚೇಷ್ಟೆ ಮಾಡಿದ. ಎಲಾ ಇವನ! ಇಳಿದು ಎರಡು ಬಾರಿಸಬೇಕೆನಿಸಿತು. ಇಳಿಯಲು ಹೊತ್ತೆಲ್ಲಿತ್ತು?

ಅತ್ತೆಯ ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಗಂಟು ಕಟ್ಟಿಟ್ಟುಕೊಂಡು ಹೆಂಡತಿ ಬಾಗಿಲಲ್ಲೇ ಕೂತಿದ್ದಳು.

“ದೀಪ ಹಚ್ಚಿದ ಮ್ಯಾಲ ಮಗಳನ್ನ ಹೊಸ್ತಿಲ ದಾಟಸಂಗಿಲ್ರಿ ಅಳಿಯಾರ. ನಾಳಿ ಅಮಾಸಿ, ಆಮ್ಯಾಲ ಆಷಾಢ. ಶ್ರಾವಣದಾಗ ಬರ್ರಿ,” ಎಂದರು ಅತ್ತೆ.

ಬಾಟಲಿಯ ಪೆಟ್ರೋಲು ಮುಗಿದಿತ್ತು, ಆರಿಸಿದರೆ ಮತ್ತೆ ಶುರುವಾಗದೆಂದು ಎಂಜಿನ್ನು ಆರಿಸುವಂತಿರಲಿಲ್ಲ. ಕೊಪ್ಪಳಕ್ಕೆ ಹೊರಟವರು ಆಗಲೇ ಲಾರಿ ಹತ್ತಿದ್ದರು. ಹೆಂಡತಿ ಮಗಳನ್ನು ನನ್ನ ಕೈಗೆ ಕೊಟ್ಟಳು. ಎಣ್ಣೆ ನಾರುವ ನನ್ನ ಅಂಗಿಗೆ ಮುಖವೊತ್ತಿ ಕೂಸು ಹಾಗೇ ನಿದ್ದೆಹೋಯಿತು. ಅಯ್ಯೋ, ಅದನ್ನು ಬಿಟ್ಟು ಹೇಗೆ ಹೋಗಲಿ?

“ಈಗ ಕೊಡಬ್ಯಾಡ್ರಿ, ಏಳ್ತಾಳ,” ಎಂದಳು ಹೆಂಡತಿ.

“ನಡೀರಿ ಸಾವ್ಕಾರ, ಹೊತ್ತಾತು!” ಎಂದು ಲಾರಿಯಿಂದ ಕೂಗಿದರು.

ಕೂಸನ್ನು ತಿರುಗಿ ಕೊಟ್ಟು ಹತ್ತಿದೆ. ಲಾರಿ ಹೊರಟಾಗ ಮಗಳು ಬಾಯಿ ತೆರೆದು ಅಳುತ್ತಿದ್ದುದು ಕಂಡಿತು. ಎಂಜಿನ್ನಿನ ಸದ್ದಿನಲ್ಲಿ ಅವಳ ದನಿ ನನಗೆ ಕೇಳಲೇ ಇಲ್ಲ.